ಪಕ್ಕದ ಮನೆಯ ನೋಯೆಲ್‌ನನ್ನು ನಾನು ಸಾಯಿಸಿದ್ದು

ದೇವರು ನನಗೆ ಕಿವಿ ಚೆನ್ನಾಗಿ ಕೊಟ್ಟ. ನಾಲಿಗೆಯನ್ನು ಅದಕ್ಕಿಂತ ಚೆನ್ನಾಗಿ ಕೊಟ್ಟ. ಇವೆರಡರ ನಡುವೆ ಸ್ವಲ್ಪ ಹೊತ್ತು ತಡೆದು ನಿಲ್ಲಿಸುವಂಥದ್ದು ಏನೋ ಒಂದನ್ನು ಇಡಬೇಕಾಗಿತ್ತು, ಅದನ್ನು ಮಾತ್ರ ಮರೆತ. ಎಪ್ಪತ್ತಮೂರು ವರ್ಷ ಇದರಿಂದ ದೊಡ್ಡ ಅನಾಹುತವೇನೂ ಆಗಿರಲಿಲ್ಲ. ಎರಡು ನಿಶ್ಚಿತಾರ್ಥ ಮುರಿದಿದ್ದವು, ನಮ್ಮ ಬೀದಿಯ ಭಜನಾ ಮಂಡಳಿ ಒಡೆದು ಎರಡಾಗಿತ್ತು, ಅಷ್ಟೆ. ಆದರೆ ಕೊರೋನಾ ಬಂದ ವರ್ಷ ಐರ್ಲೆಂಡ್ ದೇಶದಲ್ಲಿ ಕೂತು ನಾನು ಗಟ್ಟಿಮುಟ್ಟಾಗಿದ್ದ ಒಬ್ಬ ಮನುಷ್ಯನನ್ನು ಸಾಯಿಸಿಬಿಟ್ಟೆ. ಕೈಯಿಂದಲ್ಲ, ಬಾಯಿಂದ. ಅವತ್ತು ಎದೆಗೆ ಬಿದ್ದ ಪೆಟ್ಟಿನಿಂದ ನಾನಿನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ಸತ್ತವನು ಚೇತರಿಸಿಕೊಂಡಿದ್ದಾನೆ.

ಮಗಳು ರೇಣುಕ ಅಲ್ಲಿ ಆಸ್ಪತ್ರೆಯಲ್ಲಿ ನರ್ಸು. ಡಬ್ಲಿನ್ ಪಕ್ಕದ ಲೂಕನ್‌ನಲ್ಲಿ ಮನೆ. ಅಲ್ಲಿ ಮನೆಗಳನ್ನು ಎರಡೆರಡು ಅಂಟಿಸಿ ಕಟ್ಟುತ್ತಾರೆ, ಜೋಡಿ ಬಾಳೆಹಣ್ಣಿನ ಹಾಗೆ. ನಡುವಿನ ಗೋಡೆ ಒಂದೇ. ಅರ್ಧ ನಮ್ಮದು, ಅರ್ಧ ಪಕ್ಕದವನದು. ಜನವರಿಯಲ್ಲಿ ಮೂರು ತಿಂಗಳಿದ್ದು ಬರೋಣವೆಂದು ಹೋದ ನಾನು, ವಿಮಾನಗಳೆಲ್ಲ ನಿಂತು ಅಲ್ಲೇ ಉಳಿದೆ. ಅಳಿಯ ಮಹಡಿಯ ಸಣ್ಣ ಕೋಣೆಯಲ್ಲಿ ಕಿವಿಗೆ ಮುಚ್ಚಳ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರಿನೊಳಗೆ ಯಾರಿಗೋ "ನನ್ನ ಮಾತು ಕೇಳಿಸ್ತಿದೆಯಾ" ಎಂದು ಕೇಳುತ್ತಿದ್ದ. ಹತ್ತಿರವೇ ಇದ್ದ ನಾನು ಕೇಳಿಸುತ್ತದೆ ಎಂದರೆ ಸಿಟ್ಟಾಗುತ್ತಿದ್ದ. ಉಳಿದವಳು ಹನ್ನೊಂದು ವರ್ಷದ ಮೊಮ್ಮಗಳು ತನ್ವಿ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಅದೂ ಅಲ್ಲಿಯವರ ರಾಗದಲ್ಲಿ. ನನಗೆ ಬರುವ ಇಂಗ್ಲಿಷು ಐದು ಮಾತು: ಯೆಸ್, ನೋ, ಟೂ ಮಚ್, ಥ್ಯಾಂಕ್ಯೂ, ಗ್ರ್ಯಾಂಡ್. ಕೊನೆಯದು ಅಲ್ಲೇ ಕಲಿತದ್ದು. ಅಲ್ಲಿ ಊಟ ಹೇಗಿದೆ ಎಂದರೂ ಗ್ರ್ಯಾಂಡ್, ಕಾಲು ಮುರಿದವನನ್ನು ಹೇಗಿದ್ದೀಯ ಎಂದರೂ ಗ್ರ್ಯಾಂಡ್. ಬಲು ಉಪಯೋಗದ ಮಾತು.

ಖಾಯಿಲೆ ಜೋರಾದಾಗ ರೇಣುಕ ನನ್ನನ್ನು ಅಡಿಗೆಮನೆಯಲ್ಲಿ ಕೂರಿಸಿ ಒಂದು ಕಟ್ಟಳೆ ಹಾಕಿದಳು. "ಅಮ್ಮ, ಈ ಮನೆಯಿಂದ ಯಾರ ಸಾವಿನ ಸುದ್ದೀನೂ ಆಚೆ ಹೋಗ್ಬಾರ್ದು. ನಮ್ಮನೆಯಿಂದ ಹೊರಟ್ರೆ ನರ್ಸ್ ಹೇಳಿದ್ದು ಅಂತಾರೆ. ಪೇಷಂಟ್ ವಿಷಯ ಹೊರಗೆ ಹಾಕಿದ್ಲು ಅಂತ ಕೆಲಸ ಹೋಗುತ್ತೆ. ಕೆಲಸ ಹೋದ್ರೆ ಪರ್ಮಿಟ್ ಹೋಗುತ್ತೆ. ಆಮೇಲೆ ಎಲ್ರೂ ಗಂಟುಮೂಟೆ ಕಟ್ಕೊಂಡು ಹೊರಡೋದೇ."

"ನಾನ್ಯಾರಿಗೆ ಹೇಳ್ಲಿ. ಇಲ್ಲಿ ನನ್ ಮಾತು ಅರ್ಥ ಆಗೋರು ಯಾರವ್ರೆ," ಎಂದೆ.

"ನಿನಗೆ ಭಾಷೆ ಬೇಕಾಗಿಲ್ಲಮ್ಮ," ಎಂದಳು. ಹೆತ್ತ ತಾಯಿಯ ಬಗ್ಗೆ ಆಡುವ ಮಾತೇ ಇದು ಎಂದು ಆಗ ಅನ್ನಿಸಿತ್ತು. ಈಗ ಏನೂ ಅನ್ನಿಸುವುದಿಲ್ಲ.

ಆಮೇಲೆ ಅಲ್ಲಿನ ಸರ್ಕಾರ ಎಪ್ಪತ್ತು ದಾಟಿದವರು ಹೊಸಿಲು ದಾಟಬಾರದು ಎಂದಿತು. ಅದಕ್ಕೊಂದು ಹೆಸರು ಇಟ್ಟರು, ಕಕೂನಿಂಗ್ ಅಂತ. ರೇಷ್ಮೆಹುಳು ಗೂಡಿನೊಳಗೆ ಕ್ಷೇಮವಾಗಿ ಇರುವುದಿಲ್ಲವೇ, ಹಾಗೆ ಇರಬೇಕಂತೆ. ನಾನು ಶಿಡ್ಲಘಟ್ಟದಲ್ಲಿ ಇಪ್ಪತ್ತೆರಡು ವರ್ಷ ರೇಷ್ಮೆ ನೂಲು ತೆಗೆದವಳು. ದಿನಕ್ಕೆ ಎಷ್ಟು ಬುಟ್ಟಿ ಗೂಡನ್ನು ಕುದಿಯುವ ನೀರಿಗೆ ಸುರಿದಿದ್ದೇನೋ ನನಗೇ ತಿಳಿಯದು. ಗೂಡಿನೊಳಗೆ ಕ್ಷೇಮವಾಗಿ ಕೂತ ಹುಳುವಿಗೆ ಮುಂದೆ ಏನಾಗುತ್ತದೆ ಎಂದು ಆ ದೇಶದಲ್ಲಿ ನನ್ನಷ್ಟು ಬಲ್ಲವರು ಯಾರೂ ಇರಲಿಲ್ಲ. ಹೆಸರಿಟ್ಟ ಪುಣ್ಯಾತ್ಮ ಒಂದು ದಿನ ಬಂದು ನಮ್ಮ ಹಂಡೆ ನೋಡಿದ್ದರೆ ಬೇರೆ ಹೆಸರು ಹುಡುಕುತ್ತಿದ್ದ.

ಆ ಕೆಲಸದಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಶೆಡ್ಡಿನ ತುಂಬ ಹಬೆ, ಎದುರಿಗೆ ಕೂತವಳ ಮುಖ ಕಾಣುವುದಿಲ್ಲ. ರಾಟೆಯ ಸದ್ದು ಕೂದಲೆಳೆಯಷ್ಟು ಬದಲಾದರೆ ನೂಲು ಕಡಿಯಿತು ಎಂದು ತಿಳಿಯಬೇಕು, ಕೈ ಹಾಕಿ ತುದಿ ಹುಡುಕಿ ಜೋಡಿಸಬೇಕು. ಹಾಗಾಗಿ ಮನೆಯೊಳಗೆ ಕೂಡಿ ಹಾಕಿದಾಗ ನನಗೆ ಉಳಿದ ಕೆಲಸ ಕೇಳಿಸಿಕೊಳ್ಳುವುದೇ. ಗೋಡೆಯಾಚೆ ನೋಯೆಲ್ ಕೆಮ್ಮಿದರೆ, ಕೆಟಲ್ ಇಟ್ಟರೆ, ಚಪ್ಪಲಿ ಎಳೆದುಕೊಂಡು ಮೆಟ್ಟಿಲು ಹತ್ತಿದರೆ ನನಗೆ ಗೊತ್ತಾಗುತ್ತಿತ್ತು.

ನೋಯೆಲ್ ಬಸ್ಸು ಓಡಿಸಿ ನಿವೃತ್ತಿಯಾದವನು, ನನ್ನ ವಯಸ್ಸಿನವನೇ, ಒಬ್ಬಂಟಿ. ಮದುವೆ ಆಗಿರಲಿಲ್ಲ. ಯಾಕೆಂದು ಮೊದಲು ತಿಳಿದಿರಲಿಲ್ಲ. ಅವನು ಹಾಕುವ ಸಂಗೀತ ಕೇಳಿದ ಮೇಲೆ ತಿಳಿಯಿತು. ಹಿತ್ತಿಲ ನಡುವೆ ಎದೆಮಟ್ಟದ ಗೋಡೆ. ಮಧ್ಯಾಹ್ನ ನಾನು ಒಂದು ತಟ್ಟೆ ಉಪ್ಪಿಟ್ಟೋ ಚಿತ್ರಾನ್ನವೋ ಅದರ ಮೇಲಿಟ್ಟು ಹಿಂದೆ ಸರಿದು ನಿಲ್ಲುತ್ತಿದ್ದೆ. ಅವನು ಬಂದು ತೆಗೆದುಕೊಂಡು "ಗ್ರ್ಯಾಂಡ್" ಎನ್ನುತ್ತಿದ್ದ. ನಾನೂ "ಗ್ರ್ಯಾಂಡ್" ಎನ್ನುತ್ತಿದ್ದೆ. ತೊಳೆದ ತಟ್ಟೆಯ ಜತೆ ತನ್ನ ಹಿತ್ತಿಲಲ್ಲಿ ಬೆಳೆದ ಕೆಂಪು ದಂಟನ್ನು ಇಡುತ್ತಿದ್ದ. ನಾನು ಅದರ ಗೊಜ್ಜು ಮಾಡುತ್ತಿದ್ದೆ. ತನ್ವಿ ನನ್ನನ್ನು ಕರೆಯುವುದು ಕೇಳಿ ಅಜ್ಜಿ ಎನ್ನುವುದೇ ನನ್ನ ಹೆಸರು ಎಂದುಕೊಂಡಿದ್ದ. ತಿದ್ದುವಷ್ಟು ಇಂಗ್ಲಿಷು ನನ್ನಲ್ಲಿ ಇರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಆ ಗೋಡೆಯಿಂದ ಬಂದ ಸದ್ದಿಗೆ ನಾನು ಹಿಡಿದಿದ್ದ ಸೌಟು ಕೈಬಿಟ್ಟೆ. ಮೊದಲು ಒಂದು ಉದ್ದನೆಯ ಸ್ವರ, ಜ್ವರ ಬಂದ ಹಾರ್ಮೋನಿಯಂ ನರಳಿದ ಹಾಗೆ. ಅದರ ಮೇಲೆ ತಮಟೆ. ತಮಟೆಗೆ ಒಂದು ನಡಿಗೆ ಇರುತ್ತದಲ್ಲ, ಇದು ಐದು ಹೆಜ್ಜೆ ಹಾಕಿ ಎಡವುತ್ತಿತ್ತು, ಆಮೇಲೆ ಏಳು ಹೆಜ್ಜೆ ಹಾಕಿ ಎಡವುತ್ತಿತ್ತು. ಹೆಣ ಹೊತ್ತ ನಾಲ್ವರಲ್ಲಿ ಒಬ್ಬ ಕುಂಟನಿದ್ದರೆ ಹೀಗೆ ಆಗುತ್ತದೆ. ಆಮೇಲೆ ಹತ್ತಿಪ್ಪತ್ತು ಗಂಡಸರು ಒಟ್ಟಿಗೆ ಹೊಟ್ಟೆಯಿಂದ ಗುಂಯ್‌ಗುಟ್ಟಿದರು. ಕೊನೆಗೆ ಒಬ್ಬ ಹೆಂಗಸು ಕಿರುಚಿದಳು. ನಾನು ಎಷ್ಟೋ ಸಾವು ಕಂಡವಳು, ಎಷ್ಟೋ ಮನೆಯಲ್ಲಿ ಅತ್ತವರ ಬೆನ್ನು ಸವರಿದವಳು. ಅಂಥ ಕಿರುಚಾಟ ನಾನು ಕೇಳಿರಲಿಲ್ಲ.

"ತನು, ಪಕ್ಕದ್ಮನೇಲಿ ಏನೇ ಅದು?"

ತನ್ವಿ ಒಂದು ಲೋಟವನ್ನು ಗೋಡೆಗೆ ಒತ್ತಿ ಕಿವಿ ಇಟ್ಟಳು. "ಇಟ್ಸ್ ನಾಟ್ ಇಂಗ್ಲಿಷ್, ಅಜ್ಜಿ."

"ನಿಮ್ಮ ಸ್ಕೂಲಲ್ಲಿ ಹೇಳ್ಕೊಡ್ತಾರಲ್ಲ ಐರಿಷ್ಷು, ಅದಾ?"

"ನೋ. ಲ್ಯಾಟಿನ್, ಮೇಬಿ. ಲೈಕ್ ಇನ್ ಚರ್ಚ್, ಓಲ್ಡ್ ಪ್ರೇಯರ್ಸ್."

ಓದುವ ಮಗು ಹೇಳಿದ ಮೇಲೆ ಮುಗಿಯಿತು. ಅದು ಚರ್ಚಿನ ಹಾರ್ಮೋನಿಯಂ ಪೆಟ್ಟಿಗೆ, ಅದು ಚರ್ಚಿನ ಮಂತ್ರ. ನಾನು ಮುಂಬಾಗಿಲಿಗೆ ಹೋಗಿ ಇಣುಕಿದೆ. ಆ ತಿಂಗಳು ಆ ಊರಿನಲ್ಲಿ ಅಪರೂಪಕ್ಕೆ ಬಿಸಿಲು. ಎಲ್ಲರೂ ಕಿಟಕಿ ತೆರೆದು ಕೂತಿದ್ದರು. ನೋಯೆಲ್ ಮನೆಯ ಎಲ್ಲ ಕಿಟಕಿಗೂ ಪರದೆ ಎಳೆದಿತ್ತು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಖಾಯಿಲೆ ಶುರುವಾಗುವ ಮೊದಲು ರೇಣುಕ ತನ್ನ ಜತೆಯ ನರ್ಸೊಬ್ಬಳ ತಂದೆ ತೀರಿಕೊಂಡಾಗ ಅವರ ಮನೆಗೆ ಹೋಗಿ ಬಂದಿದ್ದಳು. ಅಲ್ಲಿ ಹೆಣವನ್ನು ಎರಡು ದಿನ ಮನೆಯ ಮುಂಗೋಣೆಯಲ್ಲೇ ಇಟ್ಟುಕೊಳ್ಳುತ್ತಾರಂತೆ. ನೆಂಟರಿಷ್ಟರು ಕೂಡುತ್ತಾರೆ, ಹಾಡುತ್ತಾರೆ, ಟೀ ಕುಡಿಯುತ್ತಾರೆ, ಮೂರನೆಯ ದಿನ ತೆಗೆದುಕೊಂಡು ಹೋಗುತ್ತಾರೆ. ನಾನು ತಿನ್ನಲು ಏನು ಕೊಟ್ಟರು ಎಂದು ಕೇಳಿದ್ದೆ. ಬ್ರೆಡ್ಡಿನ ನಡುವೆ ಹಂದಿ ಎಂದಿದ್ದಳು. ಅದು ಮನಸ್ಸಿನಲ್ಲಿ ನಿಂತಿತ್ತು. ಸೋಮವಾರ ಇಡೀ ದಿನ ಹಾಡು, ಮಂಗಳವಾರ ಇಡೀ ದಿನ ಹಾಡು. ಮಂಗಳವಾರದ್ದು ಇನ್ನೂ ಭೀಕರ, ನೀರಿನೊಳಗೆ ಮುಳುಗಿದವರು ಹಾಡಿದ ಹಾಗೆ. ಈ ಖಾಯಿಲೆಯ ಕಾಲದಲ್ಲಿ ಜನ ಸೇರಿಸುವ ಹಾಗಿಲ್ಲ, ಅದಕ್ಕೇ ಪರದೆ ಎಳೆದು ಕದ್ದು ಮಾಡುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಪಾಪ, ನೋಯೆಲ್. ನೆನ್ನೆ ಮೊನ್ನೆ ಕೆಂಪು ದಂಟು ಕೊಟ್ಟವನು.

ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಊಟ ಕಳಿಸಬೇಕು. ಅದಕ್ಕೆ ಒಗ್ಗರಣೆ ಹಾಕಬಾರದು. ನಮ್ಮ ಬೀದಿಯಲ್ಲಿ ಉಪ್ಪನ್ನೂ ಹಾಕುತ್ತಿರಲಿಲ್ಲ. ಎರಡು ದಿನವೂ ಅನ್ನ, ಸಪ್ಪೆ ಬೇಳೆ ಮಾಡಿ ಗೋಡೆಯ ಮೇಲಿಟ್ಟು, ನೆಂಟರಿಗೆ ಮುಜುಗರ ಬೇಡವೆಂದು ಒಳಗೆ ಬಂದುಬಿಟ್ಟೆ. ತಟ್ಟೆ ಖಾಲಿಯಾಗಿ ವಾಪಸು ಬಂತು. ಬಂದವರು ಉಣ್ಣುತ್ತಿದ್ದಾರೆ ಎಂದು ಸಮಾಧಾನವಾಯಿತು.

ಬುಧವಾರ ಗೋಡೆ ಮೌನವಾಗಿತ್ತು. ಕೆಮ್ಮಿಲ್ಲ, ಕೆಟಲ್ ಇಲ್ಲ, ಮೆಟ್ಟಿಲಿಲ್ಲ. ಎರಡು ದಿನ ಹಾಡು, ಮೂರನೆಯ ದಿನ ಮೌನ. ಇವತ್ತು ತೆಗೆಯುತ್ತಾರೆ.

ಹಿಂದಿನ ವಾರ ಬೀದಿಯ ಕೊನೆಯ ಮನೆಯ ಮುದುಕಿ ಹೋದಾಗ ನಾನು ಕಿಟಕಿಯಿಂದ ನೋಡಿದ್ದೆ. ಚರ್ಚಿಗೆ ಹತ್ತೇ ಜನ ಹೋಗಬಹುದಾದ್ದರಿಂದ ಉಳಿದವರೆಲ್ಲ ತಮ್ಮ ತಮ್ಮ ಗೇಟಿನ ಹತ್ತಿರ ತಲೆ ಬಾಗಿಸಿ ನಿಂತರು. ಕರಿಯ ಕಾರು ನಡುವೆ ನಿಧಾನವಾಗಿ ಹೋಯಿತು. ನೋಡಲು ಗಂಭೀರವಾಗಿತ್ತು. ನೋಯೆಲ್‌ಗೆ ಅಷ್ಟೂ ಇಲ್ಲದೆ ಹೋದರೆ ಹೇಗೆ? ರೇಣುಕಳ ಕಟ್ಟಳೆ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೆ ಇದು ಆಸ್ಪತ್ರೆಯ ಸುದ್ದಿಯಲ್ಲ, ಗೋಡೆಯ ಸುದ್ದಿ ಎಂದು ನನಗೆ ನಾನೇ ಹೇಳಿಕೊಂಡು ತನ್ವಿಯನ್ನು ಬಾಗಿಲಿಗೆ ಕಳಿಸಿದೆ.

ಎದುರು ಮನೆಯ ಬ್ರೀಡಾ ಆ ಬೀದಿಯ ಫೋನ್ ಗುಂಪು ನಡೆಸುವವಳು. ತನ್ವಿ ನಮ್ಮ ಮೆಟ್ಟಿಲಿನಿಂದಲೇ ಕೂಗಿ ಹೇಳಿದಳು: ನೋಯೆಲ್ ಸತ್ತನಂತೆ, ಇವತ್ತು ತೆಗೆದುಕೊಂಡು ಹೋಗುತ್ತಾರಂತೆ, ನಮ್ಮ ಅಜ್ಜಿ ಹೇಳಿದರು. ಬ್ರೀಡಾ ಎದೆಯ ಮೇಲೆ ಶಿಲುಬೆ ಹಾಕಿಕೊಂಡಳು. "ಅಯ್ಯೋ ದೇವರೆ. ನಿಮ್ಮಮ್ಮ ಡ್ಯೂಟೀಲಿ ಇದ್ರಾ?" ಎಂದು ಕೇಳಿದಳು. ಇದ್ದಳು ಎಂದಿತು ಮಗು. ಬ್ರೀಡಾ ಅಷ್ಟಕ್ಕೇ ಉಳಿದದ್ದನ್ನು ತಾನೇ ಪೂರ್ತಿ ಮಾಡಿಕೊಂಡಳು. ಆದರೂ ನೋಯೆಲ್ ಮನೆಗೆ ಫೋನ್ ಮಾಡಿ ನೋಡಿದಳು. ಲೈನು ಬ್ಯುಸಿ. ನೆಂಟರಿಗೆ ಸುದ್ದಿ ಮುಟ್ಟಿಸುತ್ತಿದ್ದಾರೆ ಎಂದು ಅವಳೂ, ತನ್ವಿಯ ಹಿಂದೆ ಬಂದಿದ್ದ ನಾನೂ ದಾರಿಯ ಆಚೀಚೆ ನಿಂತು ತಲೆ ಅಲ್ಲಾಡಿಸಿದೆವು.

ಮಧ್ಯಾಹ್ನ ನಾಲ್ಕರ ಸುಮಾರಿಗೆ ಒಂದು ಉದ್ದನೆಯ ಕರಿಯ ವ್ಯಾನು ಬೀದಿಗೆ ತಿರುಗಿತು. ಬ್ರೀಡಾ ಗುಂಪಿನಲ್ಲಿ ಒಂದು ಸಾಲು ಹಾಕಿದ್ದೇ ತಡ, ಎಲ್ಲ ಬಾಗಿಲೂ ತೆರೆದವು. ಗಂಡಸರು ಟೋಪಿ ತೆಗೆದರು. ಆಟದ ಅಂಗಿ ಹಾಕಿದ್ದ ಒಬ್ಬ ಅದರ ಮೇಲೆ ಕೋಟು ಏರಿಸಿಕೊಂಡು ಬಂದ. ಒಂಬತ್ತನೆಯ ನಂಬರಿನವನು, ಬೇಲಿ ಗಿಡ ಕತ್ತರಿಸುವ ವಿಷಯಕ್ಕೆ ನೋಯೆಲ್ ಜತೆ ಹನ್ನೊಂದು ವರ್ಷ ಮಾತು ಬಿಟ್ಟವನು, ಟೈ ಕಟ್ಟಿಕೊಂಡು ಬಂದು ಎಲ್ಲರಿಗಿಂತ ಮುಂದೆ ನಿಂತ. ಅವನ ಕಣ್ಣಲ್ಲಿ ನೀರಿತ್ತು. ನಾನು ಸೀರೆಯ ಸೆರಗು ತಲೆಯ ಮೇಲೆ ಎಳೆದುಕೊಂಡು ನಮ್ಮ ಗೇಟಿನೊಳಗೇ ನಿಂತೆ. ಹೆಣ ದಾಟಿದ ಮೇಲೆ ಸ್ನಾನ ಮಾಡಬೇಕಲ್ಲ, ಅದಕ್ಕೆ ನೀರು ಕಾಯಿಸುವ ಇಮ್ಮರ್ಶನ್ ಹಾಕಿಯೇ ಬಂದಿದ್ದೆ.

ವ್ಯಾನಿನವನು ಪಾಪ, ಎರಡು ಸಾಲಿನಲ್ಲಿ ತಲೆ ಬಾಗಿಸಿದ ಜನರನ್ನು ಕಂಡು ನಡಿಗೆಯ ವೇಗಕ್ಕೆ ಇಳಿದ. ತಾನೂ ಟೋಪಿ ತೆಗೆದ. ನೋಯೆಲ್ ಮನೆಯ ಮುಂದೆ ನಿಲ್ಲಿಸಿ ಹಿಂಬಾಗಿಲು ತೆರೆದು, ಒಂದು ಚೌಕಾಕಾರದ ತೆಳ್ಳನೆಯ ಪೊಟ್ಟಣ ತೆಗೆದ. ಅದನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಹೋಗಿ ಮೆಟ್ಟಿಲ ಮೇಲಿಟ್ಟು, ಬೆಲ್ ಒತ್ತಿ, ಹಿಂದೆ ಸರಿದು ನಿಂತ. ಯಾರೋ ಜಪ ಶುರು ಮಾಡಿದ್ದರು.

ಬಾಗಿಲು ತೆರೆಯಿತು. ಕರಿಯ ಸೂಟು ಹಾಕಿ ತಲೆ ಬಾಚಿಕೊಂಡು ನೋಯೆಲ್ ಹೊರಗೆ ಬಂದ.

ನನ್ನ ಜೀವಮಾನದಲ್ಲಿ ನನ್ನ ಬಾಯಿ ಒಣಗಿದ್ದು ಅದೊಂದೇ ಸಲ. ಜಪ ಅರ್ಧಕ್ಕೆ ನಿಂತಿತು. ಬ್ರೀಡಾ ಕುಸಿದು ತನ್ನ ಮೆಟ್ಟಿಲ ಮೇಲೆ ಕೂತಳು. ಒಂಬತ್ತನೆಯ ನಂಬರಿನವನ ಕಣ್ಣೀರು ಕೆನ್ನೆಯ ಮೇಲೆ ಎಲ್ಲಿತ್ತೋ ಅಲ್ಲೇ ನಿಂತಿತ್ತು. ಸೂಟು ಹಾಕಿಸಿಯೇ ಹೂಳುತ್ತಾರೆ ಎಂದು ಕೇಳಿದ್ದೆನಾದ್ದರಿಂದ ನನಗೆ ಆ ಕ್ಷಣ ಅವನು ಬದುಕಿದ್ದಾನೆ ಎಂದೂ ಅನ್ನಿಸಲಿಲ್ಲ. ಎದ್ದು ಬಂದಿದ್ದಾನೆ ಎಂದೇ ಅನ್ನಿಸಿತು. ನೋಯೆಲ್ ಪೊಟ್ಟಣ ಎತ್ತಿಕೊಂಡು ಬೀದಿಯ ಈ ತುದಿ ನೋಡಿದ, ಆ ತುದಿ ನೋಡಿದ. ಆಮೇಲೆ ಗಂಟಲು ಸರಿ ಮಾಡಿಕೊಂಡು ಏನೋ ಹೇಳಿದ.

"ಏನಂತಾನೆ?" ಎಂದು ತನ್ವಿಯನ್ನು ಕೇಳಿದೆ.

ಮಗು ಬಿಳಿಚಿಕೊಂಡಿತ್ತು. ಅವತ್ತು ಅವಳಿಗೆ ಕನ್ನಡವೇ ಬಂತು. "ಈ ಆಲ್ಬಮ್ ಇಷ್ಟಪಡೋರು ಈ ಬೀದಿಲಿ ತಾನೊಬ್ನೇ ಅಂದ್ಕೊಂಡಿದ್ನಂತೆ ಅಜ್ಜಿ. ನೀವೆಲ್ಲ ಬಂದಿದ್ದಕ್ಕೆ ಥ್ಯಾಂಕ್ಸ್ ಅಂತೆ."

ವಿಷಯ ಇಷ್ಟು. ಫ್ರಾನ್ಸ್ ದೇಶದ ಒಂದು ತಂಡ. ಪ್ರೋಗ್ರೆಸಿವ್ ರಾಕ್ ಅಂತೇನೋ ಅದಕ್ಕೆ ಹೆಸರು. ಅವರು ಒಂದೇ ಕತೆಯನ್ನು ಮೂರು ರೆಕಾರ್ಡಿನಲ್ಲಿ ಹಾಡುತ್ತೇವೆ ಎಂದು ಹೊರಟು, ಎರಡು ಮುಗಿಸಿ, ಜಗಳವಾಡಿ ಚದುರಿಹೋದರು. ನೋಯೆಲ್ ಎರಡನ್ನೂ ಇಟ್ಟುಕೊಂಡು, ಬಸ್ಸು ಓಡಿಸಿ, ನಿವೃತ್ತನಾಗಿ, ಒಟ್ಟು ಮೂವತ್ತೆಂಟು ವರ್ಷ ಕಾದ. ಈಗ ಅವರಲ್ಲಿ ಉಳಿದ ಮೂವರು ಮುದುಕರು ಸೇರಿ ಮೂರನೆಯದನ್ನು ಮಾಡಿ ಕತೆ ಮುಗಿಸಿದ್ದರು. ಅದು ಬರುತ್ತಿದೆ ಎಂದು ನೋಯೆಲ್ ಹಿಂದಿನ ವಾರ ಬೀದಿಯ ಗುಂಪಿನಲ್ಲಿ ಬರೆದಿದ್ದನಂತೆ. ಒಬ್ಬರೂ ಒಂದು ಹೆಬ್ಬೆರಳನ್ನೂ ಒತ್ತಿರಲಿಲ್ಲ. ಈಗ ಇಡೀ ಬೀದಿ ಟೋಪಿ ತೆಗೆದು ನಿಂತಿರುವುದನ್ನು ಕಂಡು ಅವನ ಕಿವಿಯವರೆಗೂ ಕೆಂಪಾಗಿತ್ತು. ಅವನು ಒಳಗೆ ಹೋಗಿ ಪರದೆ ಸರಿಸಿ, ಕಿಟಕಿ ತೆರೆದು, ಎರಡು ದೊಡ್ಡ ಸ್ಪೀಕರನ್ನು ಅಂಚಿನ ಮೇಲೆ ಇಟ್ಟ.

ಯಾರಿಗೆ ಹೋಗುವ ಧೈರ್ಯವಿತ್ತು? ನಿನ್ನ ಹೆಣಕ್ಕೆ ಬಂದದ್ದು, ಹಾಡಿಗಲ್ಲ ಎಂದು ಹೇಳುವವರು ಯಾರು? ರೆಕಾರ್ಡಿನ ಎರಡು ಮಗ್ಗಲು ಸೇರಿ ಮುಕ್ಕಾಲು ಗಂಟೆ. ಗೋಡೆ ಅಡ್ಡವಿದ್ದಾಗಲೇ ನನ್ನ ಸೌಟು ಬೀಳಿಸಿದ್ದ ಸದ್ದು ಈಗ ಅಡ್ಡವಿಲ್ಲದೆ ಎದೆಗೆ ಬಂದು ಬಡಿಯಿತು. ಕುಂಟು ತಮಟೆ ಈ ಸಲ ಹನ್ನೊಂದು ಹೆಜ್ಜೆಗೆ ಎಡವುತ್ತಿತ್ತು. ಒಬ್ಬ ಮುದುಕ ಫ್ರೆಂಚಿನಲ್ಲಿ ಯಾರನ್ನೋ ಬೈದ. ಬಹಳ ಹೊತ್ತು ನೀರು ತೊಟ್ಟಿಕ್ಕಿತು; ಆಮೇಲೆ ಎಲ್ಲರೂ ಒಟ್ಟಿಗೆ ಗುಂಯ್‌ಗುಟ್ಟಿದರು. ಜನ ತಲೆ ಬಾಗಿಸಿಯೇ ನಿಂತಿದ್ದರು. ನಾಯಿಯೊಂದು ಮಾತ್ರ ತನ್ನ ಅಭಿಪ್ರಾಯ ಹೇಳಿ ಒಳಗೆ ಹೋಯಿತು.

ಎರಡನೆಯ ಮಗ್ಗಲು ನಡೆಯುವಾಗ ರೇಣುಕಳ ಕಾರು ಬಂತು. ಅವಳು ಆಸ್ಪತ್ರೆಯ ಬಟ್ಟೆಯಲ್ಲೇ ಇಳಿದು, ಸಾಲು ನೋಡಿ, ಬ್ಯಾಗನ್ನು ಎದೆಗೆ ಒತ್ತಿಕೊಂಡು ನನ್ನ ಪಕ್ಕ ಬಂದು ತಲೆ ಬಾಗಿಸಿದಳು.

"ಯಾರಮ್ಮ ಹೋಗಿದ್ದು?" ಎಂದು ಪಿಸುಗುಟ್ಟಿದಳು.

"ನೋಯೆಲ್."

"ನೋಯೆಲ್ ಅಲ್ಲಿ ಕಿಟಕೀಲಿ ನಿಂತಿದಾನಲ್ಲ."

"ಈಗ ತೊಂದ್ರೆ ಆಗಿರೋದೇ ಅದು," ಎಂದೆ.

ಹಾಡು ಮುಗಿದು ಜನ ಕಾಲು ನೀವಿಕೊಳ್ಳುತ್ತ ಒಳಗೆ ಹೋದ ಮೇಲೆ ಬ್ರೀಡಾ ದೂರ ನಿಂತು ರೇಣುಕಳಿಗೆ ಹೇಳಿದಳು: ನಿಮ್ಮ ಮನೆಯಿಂದ ಸುದ್ದಿ ಬಂತು, ನೀವು ನರ್ಸು, ಅದಕ್ಕೇ ನಂಬಿದೆ. ರೇಣುಕ ಫೋನ್ ತೆಗೆದು ನೋಡಿದಳು. ಅಷ್ಟರಲ್ಲಿ ಗುಂಪಿನಲ್ಲಿ ಒಂಬತ್ತನೆಯ ನಂಬರಿನವನು ಬರೆದಾಗಿತ್ತು. ಅತ್ತದ್ದು ವ್ಯರ್ಥವಾದ ಸಿಟ್ಟು ಅವನಿಗೆ. ಬದುಕಿರುವವರನ್ನು ಸತ್ತರೆಂದು ಹಬ್ಬಿಸುವ ನರ್ಸಿನ ಮೇಲೆ ನಾಳೆ ಆಸ್ಪತ್ರೆಗೇ ಬರೆಯುತ್ತೇನೆ ಎಂದಿದ್ದ.

ಅಡಿಗೆಮನೆಯಲ್ಲಿ ಮಗಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು. ಕುರ್ಚಿಯಲ್ಲಿ ಕೂತು ಮಾಸ್ಕಿನ ಗುರುತು ಬಿದ್ದ ಮೂಗನ್ನು ಒತ್ತಿಕೊಂಡಳು. "ಹದಿಮೂರು ಗಂಟೆ ನಿಂತು ಬಂದಿದೀನಮ್ಮ. ನನ್ನ ಕೆಲಸಕ್ಕೆ ಕಲ್ಲು ಹಾಕೋಕೆ ಕೊರೋನಾ ಬೇಕಾಗಿಲ್ಲ, ನೀನೊಬ್ಳು ಸಾಕು. ನಾಳೆ ಬೆಳಿಗ್ಗೆ ನೀನೇ ಅವನಿಗೆ ಹೇಳು. ಎಲ್ಲಾ ಹೇಳು. ಅವನು ಬಾಯಿಬಿಟ್ಟು, ಇದ್ರಲ್ಲಿ ನರ್ಸ್ ಇಲ್ಲ ಅಂದ್ರೆ ಮಾತ್ರ ನಾವು ಉಳಿಯೋದು." ಆಮೇಲೆ ಮಹಡಿಗೆ ಹೋದವಳು ಅಲ್ಲಿಂದ ಕೂಗಿದಳು, "ಇಮ್ಮರ್ಶನ್ ಯಾರು ಹಾಕಿದ್ದು?" ಆ ದೇಶದಲ್ಲಿ ಒಬ್ಬನನ್ನು ಸಾಯಿಸಿದರೂ ಕ್ಷಮೆ ಇದೆ, ಇಮ್ಮರ್ಶನ್ ಹಾಕಿಟ್ಟು ಮರೆತರೆ ಇಲ್ಲ. ಅದಕ್ಕೆ ಬೈದಳು, ಚೆನ್ನಾಗಿ ಬೈದಳು. ನನಗೂ ಸ್ವಲ್ಪ ಹಗುರಾಯಿತು.

ಬೆಳಿಗ್ಗೆ ತನ್ವಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹಿತ್ತಿಲ ಗೋಡೆಯ ಬಳಿ ಹೋದೆ. ನೋಯೆಲ್ ಶಿಳ್ಳೆ ಹಾಕಿಕೊಂಡು ಗಿಡಕ್ಕೆ ನೀರು ಹಾಕುತ್ತಿದ್ದ. ಸುತ್ತುಬಳಸಿ ಹೇಳುವುದು ನನಗೆ ಬಾರದು. ನೀನು ಸತ್ತೆ ಎಂದುಕೊಂಡೆ, ಎಲ್ಲರಿಗೂ ನಾನೇ ಹೇಳಿಸಿದೆ, ನನ್ನ ಮಗಳಿಗೆ ಇದು ಗೊತ್ತೇ ಇರಲಿಲ್ಲ ಎಂದೆ. ತನ್ವಿ ಅಷ್ಟನ್ನೂ ಇಂಗ್ಲಿಷಿಗೆ ಹಾಕಿದಳು. ನೋಯೆಲ್ ನೀರಿನ ಪೈಪನ್ನು ಕೆಳಗೆ ಬಿಟ್ಟು ಬಕೆಟ್ಟು ಬೋರಲು ಹಾಕಿ ಕೂತ. ಈಗ ನಿಜವಾಗಿ ಹೋದನೇ ಎಂದು ನನಗೆ ದಿಗಿಲಾಯಿತು.

"ಹಾಗಾದ್ರೆ ಆಲ್ಬಮ್‌ಗೆ ಅಂತ ಯಾರೂ ಬಂದಿರ್ಲಿಲ್ಲ," ಎಂದನಂತೆ.

"ಯಾರೂ ಇಲ್ಲ," ಎಂದೆ.

"ನನಗೆ ಅಂತ ಬಂದಿದ್ರು."

"ನಿನಗೇ."

ಎದ್ದು ಹೋಗಿ ನಲ್ಲಿ ನಿಲ್ಲಿಸಿ ಬಂದ. ಆಮೇಲೆ ಎಷ್ಟು ಜನ ಇದ್ದರು ಎಂದು ಕೇಳಿದ. ಇಪ್ಪತ್ತಾರು ಎಂದೆ; ಸಾವಿನ ಮನೆಯಲ್ಲಿ ತಲೆ ಎಣಿಸುವುದು ನನ್ನ ಹಳೆಯ ಚಾಳಿ. ಒಂಬತ್ತನೆಯ ನಂಬರಿನವನು ಬಂದಿದ್ದನೇ ಎಂದ. ಬಂದಿದ್ದ, ಟೈ ಕಟ್ಟಿದ್ದ, ಅತ್ತ ಎಂದೆ. "ಅತ್ನಾ?" ಎಂದು ಎರಡು ಸಲ ಕೇಳಿದ. ಮೂರನೆಯ ಸಲ ತನ್ವಿಯನ್ನು ಕೇಳಿದ, ನನ್ನ ಮಾತಿನ ಮೇಲೆ ಆಗಲೇ ನಂಬಿಕೆ ಹೋಗಿತ್ತು.

ಆಮೇಲೆ ಒಂದೊಂದೇ ಹೊರಗೆ ಬಂತು. ಪರದೆ ಎಳೆದದ್ದು ಬಿಸಿಲಿಗೆ ರೆಕಾರ್ಡು ಸೊಟ್ಟಗಾಗುತ್ತದೆ ಎಂದು. ಸೋಮವಾರ ಮೊದಲನೆಯದು, ಮಂಗಳವಾರ ಎರಡನೆಯದು ಹಾಕಿ ಕತೆ ನೆನಪು ಮಾಡಿಕೊಂಡದ್ದು. ಬುಧವಾರ ಬಾಗಿಲ ಹಿಂದೆ ಕುರ್ಚಿ ಹಾಕಿಕೊಂಡು ಸೂಟಿನಲ್ಲಿ ಕಾದದ್ದು. ಮೂವತ್ತೆಂಟು ವರ್ಷ ಕಾದದ್ದನ್ನು ಪೈಜಾಮದಲ್ಲಿ ಕೇಳುವುದು ಸರಿಯಲ್ಲ ಎಂದು. ಫೋನು ಎತ್ತಿಟ್ಟದ್ದು, ಕಾರ್ಕ್ ಊರಿನ ಗೆಳೆಯನಿಗೆ ರೆಕಾರ್ಡು ಒಂದು ದಿನ ಮೊದಲೇ ಬಂದಿತ್ತು, ಅವನು ಫೋನ್ ಮಾಡಿ ಕೊನೆ ಹೇಳಿಬಿಡುತ್ತಾನೆ ಎಂದು. ಹೇಳಿ ಮುಗಿಸಿ, ಮುಖ ಸ್ವಲ್ಪ ಸಣ್ಣ ಮಾಡಿಕೊಂಡು, ಆ ಎರಡು ದಿನದ ಊಟ ಮಾತ್ರ ಯಾವಾಗಲಿನ ಹಾಗೆ ಇರಲಿಲ್ಲ, ಉಪ್ಪೇ ಇರಲಿಲ್ಲ ಎಂದ. ಅದು ಸತ್ತವರ ಮನೆಯ ಊಟ, ಅದಕ್ಕೆ ಉಪ್ಪು ಹಾಕುವುದಿಲ್ಲ ಎಂದು ಹೇಳಿಸಿದೆ. ತನ್ನ ತಿಥಿಯ ಊಟಕ್ಕೆ ತಾನೇ ಹೆಸರಿಟ್ಟವನನ್ನು ನಾನು ನೋಡಿದ್ದು ಅದೇ ಮೊದಲು.

ರೆಕಾರ್ಡನ್ನೂ ತಂದು ದೂರದಿಂದಲೇ ತೋರಿಸಿದ. ಅಂಚಿನಿಂದ ನಡುವಿನವರೆಗೆ ಸುತ್ತಿ ಸುತ್ತಿ ಒಂದೇ ಗೆರೆಯಂತೆ, ಎಲ್ಲೂ ಕಡಿದಿಲ್ಲವಂತೆ. ನಾನು ರೇಷ್ಮೆಗೂಡೂ ಹಾಗೇ, ಒಂದೇ ಎಳೆ ಎಂದೆ. ಅದನ್ನು ತೆಗೆದು ಮುಗಿದ ಮೇಲೆ ಒಳಗೆ ಏನಿರುತ್ತದೆ ಎಂದು ಕೇಳಿದ. ಬೆಂದ ಹುಳು ಎಂದೆ. ಆಮೇಲೆ ಆ ವಿಷಯ ಎತ್ತಲಿಲ್ಲ.

ಮಧ್ಯಾಹ್ನದೊಳಗೆ ನೋಯೆಲ್ ಗುಂಪಿನಲ್ಲಿ ಬರೆದ. ರೇಣುಕ ಓದಿ ಹೇಳಿದಳು. "ನಾನು ಸತ್ತ ಸುದ್ದಿ ಗೋಡೆಯಿಂದ ಬಂದದ್ದು, ನರ್ಸಿಗೂ ಇದಕ್ಕೂ ಸಂಬಂಧವಿಲ್ಲ. ಪಕ್ಕದ ಮನೆಯ ಅಜ್ಜಿ ನನ್ನ ಸಂಗೀತವನ್ನು ಪೂರ್ತಿ ಕೇಳಿ ಇದು ಸಾವೇ ಎಂದು ತೀರ್ಮಾನಿಸಿದರು. ವಿಮರ್ಶಕರೂ ಬಹಳ ಹಿಂದೆ ಅದನ್ನೇ ಬರೆದಿದ್ದರು. ಒಂಬತ್ತನೆಯ ನಂಬರಿನವರ ಟೈ ಚೆನ್ನಾಗಿತ್ತು." ಒಂಬತ್ತನೆಯ ನಂಬರಿನವನು ತಾನು ಬರೆದದ್ದನ್ನು ಅಳಿಸಿದ. ಸಂಜೆ ಹೊರಗೆ ಬಂದು ಬೇಲಿ ಗಿಡವನ್ನು ತನ್ನ ಕಡೆಯಿಂದ ಕತ್ತರಿಸಿದ. ಮಾತಾಡಲಿಲ್ಲ. ರೇಣುಕ ಅವತ್ತು ಎರಡು ತಟ್ಟೆ ಅನ್ನ ಉಂಡು ಮಲಗಿದಳು.

ಎಲ್ಲ ಸರಿಹೋಯಿತು ಎಂದುಕೊಂಡರೆ, ನೋಯೆಲ್ ಇನ್ನೊಂದು ಹೇಳಿದ. ಕಿಟಕಿಯಲ್ಲಿ ನಿಂತು ನಮ್ಮ ಮುಖಗಳನ್ನೇ ನೋಡುತ್ತಿದ್ದುದರಿಂದ ಕತೆಯ ಕೊನೆಯನ್ನು ಅವನು ಕೇಳಿಸಿಕೊಂಡೇ ಇರಲಿಲ್ಲ. ಮತ್ತೆ ಮೊದಲಿನಿಂದ ಹಾಕಬೇಕಂತೆ. ಹಾಕಿದ. ದಿನಾ ಹಾಕಿದ. ನನಗೆ ಅದು ಈಗ ಬಾಯಿಗೆ ಬರುತ್ತದೆ. ಅನ್ನ ಬಸಿಯುವಾಗ ನಾನು ಗುಂಯ್‌ಗುಟ್ಟಿದರೆ ಅಳಿಯ ಕಿವಿಯ ಮುಚ್ಚಳ ತೆಗೆದು ನೋಡುತ್ತಿದ್ದ.

ಮುಂದಿನ ತಿಂಗಳು ನನಗೆ ಹಲ್ಲುನೋವು ಬಂತು. ಹಲ್ಲಿನ ಡಾಕ್ಟರು ಬಾಗಿಲು ಹಾಕಿದ್ದರು. ದವಡೆ ಊದಿ ಎರಡು ದಿನ ಒಂದು ಮಾತೂ ಆಡಲಾಗಲಿಲ್ಲ, ಒಲೆಯ ಹತ್ತಿರವೂ ಹೋಗಲಿಲ್ಲ. ಮನೆ ಇಷ್ಟು ನೆಮ್ಮದಿಯಾಗಿ ಎಂದೂ ಇರಲಿಲ್ಲ ಎಂದು ಅಳಿಯ ಫೋನಿನಲ್ಲಿ ಯಾರಿಗೋ ಹೇಳಿದ್ದು ಕೇಳಿಸಿತು. ಮೂರನೆಯ ದಿನ ಬೆಳಿಗ್ಗೆ ಹಿತ್ತಿಲ ಬಾಗಿಲು ತೆರೆದರೆ, ಗೋಡೆಯ ಮೇಲೆ ಮುಚ್ಚಿಟ್ಟ ಒಂದು ತಟ್ಟೆ. ಗೋಡೆಯಾಚೆ ನೋಯೆಲ್, ಕರಿಯ ಸೂಟು ಹಾಕಿ, ತಲೆ ಬಾಗಿಸಿ ನಿಂತಿದ್ದ. ನನ್ನನ್ನು ನೋಡಿ ಅವನಿಗೆ ಒಂದಿಷ್ಟೂ ಗಾಬರಿಯಾಗಲಿಲ್ಲ. ಮುಚ್ಚಳ ತೆಗೆದೆ. ಬೇಯಿಸಿದ ಆಲೂಗಡ್ಡೆ.

ಕೂತು ಪೂರ್ತಿ ತಿಂದೆ. ಉಪ್ಪಿರಲಿಲ್ಲ.